ಉಮ್ಮ ಎಲ್ಲಿ ಕೂರುತ್ತಾರೆ ಎಂಬ ಲೆಕ್ಕ

2003ರ ನನ್ನ ಡೈರಿಯಲ್ಲಿ ಮೂರು ಪುಟಗಳ ತುಂಬ ಬರೀ ಗೀಟುಗಳಿವೆ. ಎಡಗಡೆ ಗಂಟೆ, ಮೇಲುಗಡೆ ಕೋಣೆಗಳ ಹೆಸರು. ಒಂದು ಗೀಟು ಎಂದರೆ ಕಾಲು ಗಂಟೆ. ಮೂರು ದಿನಗಳ ಒಟ್ಟು ಅರವತ್ತು ಗೀಟುಗಳಲ್ಲಿ ಹಾಲ್‌ಗೆ ನಲವತ್ತೆಂಟು, ಅಡುಗೆಕೋಣೆಗೆ ಎಂಟು, ನಮಾಜಿನ ಕೋಣೆಗೆ ನಾಲ್ಕು. ಅಷ್ಟು ನೀಟಾದ ಲೆಕ್ಕವನ್ನು ನಾನು ಅದಕ್ಕೆ ಮೊದಲು ಬರೆದದ್ದಿಲ್ಲ. ಅಷ್ಟು ತಪ್ಪಾದ ಲೆಕ್ಕವನ್ನೂ.

ಆಗ ನನಗೆ ಇಪ್ಪತ್ತೆರಡು. ಮೂಡುಬಿದಿರೆಯ ಒಂದು ಮೈಕ್‌ಸೆಟ್ಟಿನ ಅಂಗಡಿಯಲ್ಲಿ ಕೆಲಸ. ನಮ್ಮ ಧಣಿ ಜೀವಮಾನವಿಡೀ ತೆಂಗಿನ ಮರಕ್ಕೆ ಹಾರ್ನ್ ಕಟ್ಟಿದವರು. ಧ್ವನಿ ಎಂದರೆ ಪಕ್ಕದ ಗ್ರಾಮಕ್ಕೆ ಕೇಳಬೇಕು ಎಂಬುದು ಅವರ ನಂಬಿಕೆ. ಅಂಥವರ ಬಳಿಗೆ ವಾಮದಪದವಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಸಾಹೇಬರೊಬ್ಬರು ಬಂದರು. ದುಬಾಯಿಯಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದ ಅವರು ಒಂದು ಆಂಪ್ಲಿಫಯರನ್ನೂ ಆರು ದುಂಡು ಸ್ಪೀಕರುಗಳನ್ನೂ ಹೊತ್ತು ತಂದಿದ್ದರು.

"ಇದು ಸೀಲಿಂಗಿನ ಒಳಗೆ ಕೂರುವುದು. ಕೋಣೆ ಕೋಣೆಗೂ ಕೇಳಬೇಕು, ಆದರೆ ಸ್ಪೀಕರ್ ಉಂಟು ಅಂತ ಗೊತ್ತಾಗಬಾರದು" ಎಂದರು ಸಾಹೇಬರು.

"ಕಾಣದಿದ್ದರೆ ಜನ ನಂಬುದು ಹೇಗೆ ಸಾಹೇಬ್ರೇ?" ಎಂದರು ಧಣಿ.

ಜನರಿಗಲ್ಲ, ತನ್ನ ಉಮ್ಮನಿಗೆ ಎಂದು ಅವರು ಬಿಡಿಸಿ ಹೇಳಿದರು. ತಾಯಿಗೆ ರೇಡಿಯೋ ಇಲ್ಲದೆ ಆಗುವುದಿಲ್ಲ. ಟ್ರಾನ್ಸಿಸ್ಟರನ್ನು ಮಗುವಿನಂತೆ ಸೊಂಟಕ್ಕೇರಿಸಿಕೊಂಡು ಮನೆಯಿಡೀ ತಿರುಗುತ್ತಾರೆ. ಮೊಣಕಾಲು ನೋವು ಬೇರೆ. ಕಳೆದ ಸಲ ಕಾಲು ಜಾರಿದಾಗ ಗೋಡೆ ಹಿಡಿದುಕೊಳ್ಳುವುದು ಬಿಟ್ಟು ರೇಡಿಯೋ ಹಿಡಿದುಕೊಂಡರಂತೆ. "ಇನ್ನು ಅವರು ಎಲ್ಲಿ ಕೂತರೂ ರೇಡಿಯೋ ಅಲ್ಲಿಗೇ ಬರಬೇಕು. ನಾನು ತಿರುಗಿ ಹೋಗುವ ಮೊದಲು ಇದೊಂದು ಆಗಬೇಕು" ಎಂದರು.

ಶನಿವಾರ ತಾರಸಿಗೆ ಕಾಂಕ್ರೀಟು. ಸ್ಪೀಕರ್ ಕೂರುವ ಗುಂಡಿಗಳಿಗಾಗಿ ಅದಕ್ಕೆ ಮೊದಲೇ ಸೆಂಟ್ರಿಂಗ್ ಹಲಗೆಯ ಮೇಲೆ ತಗಡಿನ ಡಬ್ಬಿ ಇಟ್ಟು, ಕಬ್ಬಿಣದ ಸರಳುಗಳ ನಡುವೆ ಪೈಪು ಎಳೆದಿರಬೇಕು. ಕಾಂಕ್ರೀಟು ಬಿದ್ದ ಮೇಲೆ ಅಲ್ಲಾಡಿಸುವ ಹಾಗಿಲ್ಲ. ಇದ್ದದ್ದು ಆರೇ ಸ್ಪೀಕರು. ಮನೆಯಲ್ಲಿ ಹನ್ನೊಂದು ಕೋಣೆ.

"ನೀನು ಬರೆಯುವವ. ಬರೆದು ಪ್ಲಾನ್ ಮಾಡು ಮಾರಾಯ" ಎಂದು ಧಣಿ ಕೈತೊಳೆದುಕೊಂಡರು.

ನಾನು ಶಾಸ್ತ್ರೋಕ್ತವಾಗಿ ಹೊರಟೆ. ಹೊಸ ಮನೆಯ ಪಕ್ಕದಲ್ಲೇ ಅವರ ಹಳೆಯ ಸಣ್ಣ ಮನೆ. ಉಮ್ಮ ದಿನದ ಯಾವ ಹೊತ್ತಿನಲ್ಲಿ ಯಾವ ಕೋಣೆಯಲ್ಲಿರುತ್ತಾರೆ ಎಂದು ಮೂರು ದಿನ ನೋಡಿ ಗೀಟು ಹಾಕುವುದು; ಗೀಟು ಹೆಚ್ಚಿದ್ದಲ್ಲಿ ಸ್ಪೀಕರು. ಸಾಹೇಬರು ಒಪ್ಪಿದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾಲ್‌ನ ಮರದ ಕುರ್ಚಿಯಲ್ಲಿ ಡೈರಿ ಬಿಚ್ಚಿ ಕುಳಿತೆ.

ಹತ್ತು ಗಂಟೆ ಎರಡು ನಿಮಿಷಕ್ಕೆ ಉಮ್ಮ ಬಂದು ಎದುರಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತರು. ನನಗೆ ಖುಷಿಯಾಯಿತು. ಗೀಟು ಹಾಕಿದೆ.

"ಎಲ್ಲಿ ಮಗಾ ನಿನ್ನ ಮನೆ?"

"ವೇಣೂರಿನ ಹತ್ತಿರ ಉಮ್ಮ."

"ಅಲ್ಲಿ ನೀರು ಉಂಟಾ?"

"ಉಂಟು."

"ಮದುವೆ?"

"ಇಲ್ಲ."

"ನೀರು ಉಂಟು, ಮದುವೆ ಯಾಕೆ ಆಗಲಿಲ್ಲ?"

ಹೀಗೆ ಮೂರು ದಿನ. ನಡುನಡುವೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಅಡುಗೆಕೋಣೆಗೆ ಒಂದು ಗೀಟು ಹಾಕುವಷ್ಟರಲ್ಲಿ ಚಹಾ ಹಿಡಿದುಕೊಂಡು ಬಂದು ಮತ್ತೆ ಅದೇ ಕುರ್ಚಿಯಲ್ಲಿ. ಅದನ್ನೂ ಬರೆದಿದ್ದೇನೆ: ಚಹಾ ಹದಿಮೂರು ಲೋಟ, ಅಕ್ಕಿರೊಟ್ಟಿ ಒಂಬತ್ತು, ಬಾಳೆಹಣ್ಣು ಏಳು, ಮದುವೆಯ ಪ್ರಶ್ನೆ ಹನ್ನೊಂದು ಸಲ. ರೇಡಿಯೋ ಹಾಕಿದ್ದು ಸೊನ್ನೆ ಸಲ. ಈ ಸೊನ್ನೆ ನೋಡಿದಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬ್ಯಾಟರಿ ಮುಗಿದಿರಬೇಕು ಎಂದು ಷರಾ ಬರೆದೆ.

ಗುರುವಾರ ನಕ್ಷೆ ಸಿದ್ಧವಾಯಿತು. ಹಾಲ್‌ಗೆ ನಾಲ್ಕು ಸ್ಪೀಕರು, ಸಾಹೇಬರು ಕೇಳಿದ್ದಕ್ಕೆ ಉಮ್ಮನ ಮಲಗುವ ಕೋಣೆಗೆ ಒಂದು, ಊಟದ ಕೋಣೆಗೆ ಒಂದು. ಅಡುಗೆಕೋಣೆಗೆ ಹೋದದ್ದು ಚಹಾ ತರಲಷ್ಟೇ, ನಮಾಜಿನ ಕೋಣೆಗೆ ರೇಡಿಯೋ ಬೇಡ ಎಂದು ಅವೆರಡನ್ನೂ ಬಿಟ್ಟೆ. ಧಣಿ ಗೀಟುಗಳನ್ನು ಎರಡು ಸಲ ಎಣಿಸಿ, "ಇದಕ್ಕೆ ಯಾರೂ ಮಾತಾಡುವ ಹಾಗಿಲ್ಲ" ಎಂದರು. ಬೆಳ್ತಂಗಡಿಯಿಂದ ಬಂದ ಎಲೆಕ್ಟ್ರಿಷಿಯನ್ ಶುಕ್ರವಾರ ನಕ್ಷೆಯಂತೆಯೇ ಡಬ್ಬಿ ಕೂರಿಸಿ ಪೈಪು ಕಟ್ಟಿದ.

ಶನಿವಾರ ಬೆಳಿಗ್ಗೆ ಏಳೂವರೆಗೆ ಹೋದಾಗ ಅಂಗಳ ತುಂಬ ಜಲ್ಲಿ, ಮರಳು, ಮಿಕ್ಸರ್. ಮುಂದಿನಿಂದ ಹೋಗಲು ದಾರಿಯಿರಲಿಲ್ಲ. ಹಳೆಯ ಮನೆಯ ಹಿಂದಿನಿಂದ ಸುತ್ತಿ ಹೊರಟೆ. ಆಗ ಜೋರಾಗಿ ರೇಡಿಯೋ ಕೇಳಿಸಿತು.

ಹಿಂಬದಿಯ ಸೌದೆ ಒಲೆಯ ಚಾವಡಿಯಲ್ಲಿ, ಮಣೆಯ ಮೇಲೆ ಕಾಲು ನೀಡಿ, ಮಹಾರಾಣಿಯಂತೆ ಉಮ್ಮ ಕುಳಿತಿದ್ದರು. ಪಕ್ಕದ ಕಡೆಯುವ ಕಲ್ಲಿನ ಮೇಲೆ ಟ್ರಾನ್ಸಿಸ್ಟರು. ಸುತ್ತ ಸೊಸೆ, ನೆರೆಮನೆಯ ಮೂವರು ಹೆಂಗಸರು, ಪುಂಡಿ ಎಂಬ ಅಕ್ಕಿಕಡುಬಿನ ಆವಿ ಬರುವ ದೊಡ್ಡ ಪಾತ್ರೆ.

"ಉಮ್ಮ, ನೀವು ಇಲ್ಲಿ?" ಎಂದೆ.

"ಮತ್ತೆಲ್ಲಿ? ನಾನು ಇಡೀ ದಿನ ಇಲ್ಲಿಯೇ ಅಲ್ವಾ?"

"ನೀವು ಹಾಲ್‌ನಲ್ಲಿ ಕೂರುವುದಲ್ಲವಾ? ನನ್ನ ಹತ್ತಿರ ಲೆಕ್ಕ ಉಂಟು, ನಲವತ್ತೆಂಟು ಗೀಟು!"

"ಅದು ನೀನು ಕೂತದ್ದಕ್ಕೆ ನಾನು ಕೂತದ್ದು! ಮನೆಗೆ ಬಂದವರನ್ನು ಒಬ್ಬರನ್ನೇ ಬಿಟ್ಟು ಬರ್ಲಿಕ್ಕೆ ಆಗ್ತದಾ? ಆ ಕುರ್ಚಿಯಲ್ಲಿ ಮೂರು ದಿನ ಕೂತು ನನ್ನ ಸೊಂಟ ಹೋಯ್ತು ಮಗಾ. ನೀನು ಏಳುವ ಹಾಗೆ ಕಾಣಲಿಲ್ಲ." ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ರೇಡಿಯೋನೂ ಹಾಕ್ಲಿಲ್ಲ. ನೀನು ಏನೋ ಪರೀಕ್ಷೆ ಬರೀತಿದ್ದೆ ಅಂತ" ಎಂದರು ಉಮ್ಮ.

ನಾನು ಹೊಸ ಮನೆಯ ಏಣಿಗೆ ಓಡಿದೆ. ಅಲ್ಲಿ ಹಿಂಬದಿಯ ಒಲೆಕೋಣೆಗೂ ತಾರಸಿ ಬರುವುದಿತ್ತು. ಆದರೆ ಅದರ ಮೇಲೆ ಒಂದು ಡಬ್ಬಿಯೂ ಇರಲಿಲ್ಲ.

"ಮೇಸ್ತ್ರಿಗಳೇ, ಮುಂದಿನಿಂದ ಶುರು ಮಾಡುವ" ಎಂದು ಕೂಗಿದೆ.

"ಮಿಕ್ಸರ್ ಮುಂದೆ ಉಂಟು. ನಾವು ಹಿಂದಿನಿಂದ ಶುರು ಮಾಡಿ ಮುಂದೆ ಬರುವುದು. ಮುಂದಿನಿಂದ ಹಾಕಿದರೆ ಹಸಿ ಕಾಂಕ್ರೀಟು ತುಳಿದುಕೊಂಡು ಹಿಂದೆ ಹೋಗುವುದು ಯಾರು, ನೀವಾ?" ಎಂದರು ಮೇಸ್ತ್ರಿ. ಮಿಕ್ಸರ್ ಗಡಗಡ ಎನ್ನತೊಡಗಿತ್ತು.

ಸಾಹೇಬರಿಗೆ ವಿಷಯ ಹೇಳಿದೆ. ಅವರು ನನ್ನ ಡೈರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹಿಂದಿನ ಚಾವಡಿಗೆ ಹೋದರು. ಎರಡು ನಿಮಿಷದಲ್ಲಿ ಉಮ್ಮನ ಧ್ವನಿ ಮಿಕ್ಸರನ್ನೂ ಮೀರಿ ಕೇಳಿಸಿತು: "ಪುಂಡಿ ತಣ್ಣಗಾಗ್ತದೆ! ಎಲ್ಲರೂ ಮೊದಲು ತಿನ್ನಿ, ಆಮೇಲೆ ಹತ್ತಿ!"

ತಿಂಡಿ ಒಂಬತ್ತಕ್ಕೆ ಎಂದು ಮೇಸ್ತ್ರಿ ಗೊಣಗಿದರು. ಕೋಳಿ ಸಾರಿನ ಪರಿಮಳ ಬಂದ ಮೇಲೆ ಮಿಕ್ಸರ್ ತಾನಾಗಿ ನಿಂತಿತು. ನಮಗೆ ಸಿಕ್ಕಿದ್ದು ಮೂವತ್ತೈದು ನಿಮಿಷ.

ನಾನೂ ಎಲೆಕ್ಟ್ರಿಷಿಯನ್ನೂ ಸರಳುಗಳ ಮೇಲೆ ಕಪ್ಪೆಗಳಂತೆ ಕೂತು ಹಾಲ್‌ನ ಎರಡು ಡಬ್ಬಿ ಕಿತ್ತೆವು. ಒಂದು ಅಡುಗೆಕೋಣೆಗೆ, ಇನ್ನೊಂದು ಒಲೆಕೋಣೆಗೆ. ಪೈಪು ಹನ್ನೊಂದು ಅಡಿ ಕಡಿಮೆ ಬಿತ್ತು.

"ನಿಮ್ಮ ಡೈರಿಯಲ್ಲಿ ಪೈಪು ಉಂಟಾ ನೋಡಿ. ಗೀಟು ಹಾಕಿದರೆ ಬರಬಹುದು" ಎಂದ ಎಲೆಕ್ಟ್ರಿಷಿಯನ್.

ಕೊನೆಗೆ ಪೋರ್ಟಿಕೋದ ದೀಪಕ್ಕೆ ಎಳೆದಿದ್ದ ಪೈಪನ್ನೇ ಕಿತ್ತು ಜೋಡಿಸಿದೆವು. "ಪೋರ್ಟಿಕೋಕ್ಕೆ ಗೋಡೆಯಲ್ಲಿ ದೀಪ ಇಡುವ. ಅಲ್ಲಿ ಉಮ್ಮ ಕೂರುವುದಿಲ್ಲ. ಖಂಡಿತ ಅಲ್ವಾ, ಅಥವಾ ನೀವು ಹೋಗಿ ಕೂತು ನೋಡ್ತೀರಾ?" ಎಂದರು ಸಾಹೇಬರು. ಕಾಂಕ್ರೀಟು ಬಿದ್ದ ಮರುವಾರ ಅವರು ದುಬಾಯಿಗೆ ಹೋದರು.

ನಾಲ್ಕು ತಿಂಗಳ ಮೇಲೆ ಸ್ಪೀಕರ್ ಕೂರಿಸಲು ಹೋದೆವು. ಒಲೆಕೋಣೆಯ ಮಾಡಿನಿಂದ ರೇಡಿಯೋ ಬಂದಾಗ ಉಮ್ಮ ಮೇಲೆ ನೋಡಿ, "ಒಳ್ಳೆಯದುಂಟು. ಸಣ್ಣ ಮಾಡುವುದು ಹೇಗೆ?" ಎಂದರು. ಆಂಪ್ಲಿಫಯರ್ ಇದ್ದದ್ದು ಹಾಲ್‌ನ ಕಪಾಟಿನಲ್ಲಿ. ಎರಡು ಮೆಟ್ಟಿಲು, ಮೂರು ಬಾಗಿಲು ದಾಟಬೇಕು.

"ಹಾಗಾದರೆ ನನ್ನ ಟ್ರಾನ್ಸಿಸ್ಟರೇ ಸಾಕು ಮಗಾ. ಅದರ ಕಿವಿ ಹಿಂಡಲು ಏಳಬೇಕಾಗಿಲ್ಲ."

ಇಷ್ಟೆಲ್ಲ ಮಾಡಿ ಅವರು ಮತ್ತೆ ಅದನ್ನು ಸೊಂಟಕ್ಕೇರಿಸಿಕೊಳ್ಳುವುದೇ? ಒಲೆಕೋಣೆಯಲ್ಲೇ ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿಯೊಂದನ್ನು ಇಡುವುದೆಂದು ನಿಶ್ಚಯಿಸಿದೆ. ಈ ಸಲ ಕುರ್ಚಿ ಹುಡುಕಲಿಲ್ಲ. "ಉಮ್ಮ, ನೀವು ಕೂರುವ ಹಾಗೆ ಕೂತು, ಗೋಡೆಗೆ ಕೈ ಚಾಚಿ" ಎಂದೆ. ಅವರು ಮಣೆಯ ಮೇಲೆ ಕೂತು ಕೈ ಚಾಚಿದರು. ಬೆರಳು ಮುಟ್ಟಿದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ.

"ಗುಂಡಿ ನಾಲ್ಕಡಿಗೆ ಇಡುವುದು. ಇದೆಂತ, ಬೆಕ್ಕಿಗಾ?" ಎಂದ ಎಲೆಕ್ಟ್ರಿಷಿಯನ್. ಬಣ್ಣ ಬಳಿದ ಗೋಡೆ ಕೊರೆಯುವಾಗ ಇನ್ನೂ ಏನೇನೋ ಹೇಳಿದ. ಅದನ್ನು ನಾನು ಬರೆದುಕೊಳ್ಳಲಿಲ್ಲ. ಬರೆದುಕೊಂಡದ್ದು ಇಷ್ಟೇ: ನೆಲದಿಂದ ಇಪ್ಪತ್ತೆರಡು ಇಂಚು.

ಉಮ್ಮ ಕೂತಲ್ಲಿಂದಲೇ ತಿರುಗಿಸಿದರು. ಧ್ವನಿ ಇಳಿಯಿತು. ಮತ್ತೆ ತಿರುಗಿಸಿದರು. ಏರಿತು. ಸಂಜೆಯ ವಾರ್ತೆ ಶುರುವಾಗಿತ್ತು. ಸರಿ ಉಂಟಾ ಎಂದು ಕೇಳಲು ಬಾಯಿ ತೆರೆದೆ.

"ಈಗ ಮಾತಾಡಬೇಡ. ಹಾಲ್‌ನಲ್ಲಿ ಹೋಗಿ ಕೂತ್ಕೋ, ವಾರ್ತೆ ಮುಗಿದ ಮೇಲೆ ಬರ್ತೇನೆ" ಎಂದರು.