ಎರಡು ಮೆಟ್ಟಿಲು ಕೆಳಗೆ

ರಾಯಚೂರಿನ ಆ ಕಂಪ್ಯೂಟರ್ ರಿಪೇರಿಯವರು ಯಾರೊಂದಿಗೂ ವಾದಕ್ಕಿಳಿಯುತ್ತಿರಲಿಲ್ಲ. ಚರ್ಚಾಸ್ಪರ್ಧೆಗಳಲ್ಲೇ ಬೆಳೆದ ನನಗೆ ಅದೇ ಮೊದಲ ತಕರಾರು. ಏನು ಕೇಳಿದರೂ ಒಂದೇ ಉತ್ತರ: "ತಡಿ ತಮ್ಮಾ, ಕಾರ್ಡ್ ಮಾತಾಡ್ಲಿ."

ಅಕ್ಕ ಮಾನ್ವಿ ಊರಿನ ನಮ್ಮ ಮನೆಯಲ್ಲೇ ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ. ಅವಳ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡಿಸಲು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಲು, ಕಂಪ್ಯೂಟರ್ ಹೊತ್ತು ಹೋಗಿದ್ದೆ. ಕಾರ್ಡ್ ಸುಟ್ಟರೆ ಅವಳ ಕೆಲಸವೇ ನಿಲ್ಲುತ್ತಿತ್ತು.

ಫೆಬ್ರವರಿಯಲ್ಲೇ ತಿರುಗುತ್ತಿದ್ದ ಅಂಗಡಿಯ ಕೂಲರನ್ನು ಅವರು ಮೊದಲು ಬಂದ್ ಮಾಡಿದರು.

"ಸೆಕಿ ಆಗ್ತದಲ್ರಿ ಭಾಯ್!"

"ನಿಮ್ಮನಿ ಕಂಪ್ಯೂಟರ್ ಮುಂದ ಕೂಲರ್ ಅದ ಏನು?"

ಇರಲಿಲ್ಲ. ಅವರು ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಕಾರ್ಡಿಗೆ ಭಾರದ ಕೆಲಸ ಕೊಟ್ಟು ಬಿಸಿ ಎಷ್ಟೆಂದು ನೋಡುತ್ತಿದ್ದರು. ಐದನೇ ಮೆಟ್ಟಿಲಿಗೆ ನಿಂತರು.

"ನೆಟ್‌ನಾಗ ಇನ್ನೂ ಮ್ಯಾಲ ಓಡಿಸ್ಯಾರ್ರಿ," ಎಂದು ಪಟ್ಟು ಹಿಡಿದೆ. ನಕ್ಕು ಆರಕ್ಕೆ ಏರಿಸಿದರು. ಪರದೆಯ ತುಂಬ ಹಸಿರು ಗೆರೆಗಳೆದ್ದು ಎಲ್ಲ ನಿಂತುಹೋಯಿತು.

"ಮಾತಾಡ್ತು ನೋಡು," ಎಂದು ಮತ್ತೆ ಚಾಲು ಮಾಡಿ, ನಾಲ್ಕಕ್ಕೆ ಇಳಿಸಿದರು.

"ಐದರಾಗ ಚಲೋ ಓಡ್ತಿತ್ತಲ್ರಿ?"

"ಆರರಿಂದ ಕೆಳಗ ಒಂದು ಮೆಟ್ಟಿಲು ಕಾರ್ಡಿಗೆ. ಇನ್ನೊಂದು ಮಾನ್ವಿ ಬ್ಯಾಸಗಿಗೆ."

ನಾನು ಒಪ್ಪಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಎದ್ದಾಗ ಐದಕ್ಕೆ ಏರಿಸಿ, ಭಾರದ ಕೆಲಸ ಕೊಟ್ಟು ನೋಡಿದೆ. ಸ್ವಲ್ಪ ಹೊತ್ತಿಗೆ ಅವೇ ಹಸಿರು ಗೆರೆಗಳು. ಅವಳು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಚಾಲು ಮಾಡಿ, ಮರಳಿ ನಾಲ್ಕಕ್ಕೆ ಇಳಿಸಿದ್ದೆ.

"ಏನ್ ಮಾಡಾಕತ್ತಿದ್ದಿ ಲೇ?"

"ಏನಿಲ್ಲಕ್ಕಾ, ಕಾರ್ಡ್ ಜೋಡಿ ಮಾತಾಡಾಕತ್ತಿದ್ದೆ."