ಸ್ವೆಟರಿನೊಳಗಿನ ಬಾಟಲಿ

ನನ್ನ ತಮ್ಮ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ಅವನ ಹೆಂಡತಿ ಹಸಿರು ದಾಳವೊಂದರ ಐದರ ಮುಖಕ್ಕೆ ಬಿಳಿ ಬಣ್ಣ ತುಂಬುತ್ತಿದ್ದಳು. ನಾಲ್ಕು ಚುಕ್ಕೆ ಮುಗಿದಿದ್ದವು. ಫೋನ್ ಎತ್ತಿದವನು ನಾನು. ನಾನು ಬಾಯಿ ತೆರೆಯುವ ಮೊದಲೇ ಅವಳು ಕುಂಚ ಕೆಳಗಿಟ್ಟಳು. ಐದನೆಯ ಚುಕ್ಕೆ ಹಾಗೇ ಉಳಿಯಿತು.

ಅದಾಗಿ ಅರ್ಧ ವರ್ಷ. ಈಗ ಬೆಳಗಿನ ಐದೂವರೆ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಅವಳು ಆಗಲೇ ಕೆಲಸಕ್ಕೆ ಕೂತಿದ್ದಾಳೆ, ಮೈಮೇಲೆ ತಮ್ಮನ ಬೂದು ಸ್ವೆಟರ್. ನಿನ್ನೆ ಹೊಯ್ದ, ಆರಿದರೆ ಕಲ್ಲಾಗುವ ಅಂಟಿನಂಥ ರೆಸಿನ್ನಿನ ದಾಳಗಳನ್ನು ರಬ್ಬರ್ ಅಚ್ಚಿನಿಂದ ಬಿಡಿಸಿ, ಒಂದೊಂದನ್ನೇ ಉಪ್ಪುನೀರಿನ ಲೋಟಕ್ಕೆ ಬಿಟ್ಟು ಬೆರಳಿನಿಂದ ತಿರುಗಿಸುತ್ತಾಳೆ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ಎಷ್ಟು ತಿರುಗಿಸಿದರೂ ಒಂದೇ ಮುಖ ಮೇಲೆ ಬರುತ್ತದೆ. ಅಂಥದ್ದು ಸೀದಾ ಕಸದ ಡಬ್ಬಿಗೆ.

ಹನ್ನೊಂದು ವರ್ಷ ರೆಸಿನ್ ಕಲಸಿ ಹೊಯ್ಯುವುದು ಅವನ ಪಾಲು, ಉಜ್ಜಿ ಬಣ್ಣ ತುಂಬುವುದು ಅವಳ ಪಾಲು. ಅವನು ಹೋದ ಮೇಲೆ ಅವಳೇ ಹೊಯ್ದಳು. ಅಳತೆ ಅದೇ, ಅಚ್ಚು ಅದೇ. ಮೂರು ಸಲ ಹೊಯ್ದರೂ ಗುಳ್ಳೆ ಉಳಿದು ಒಂದು ದಾಳವೂ ನೆಟ್ಟಗಾಗಲಿಲ್ಲ. ದಾಳ ಕೊಳ್ಳುವ ಆಟದ ಸಾಮಾನಿನ ಅಂಗಡಿಯವರು ಮೆತ್ತಗೆ ಹೇಳಿದರು: "ಅಕ್ಕಾ, ಇನ್ನೊಂದ್ ಸಲ ನೋಡ್ತೀನಿ. ಆಮೇಲೆ ಬೇರೆಯವರಿಗೆ ಹೇಳ್ಬೇಕಾಗತ್ತೆ."

ಗುಟ್ಟು ಬಿಟ್ಟುಕೊಟ್ಟದ್ದು ಈ ಸ್ವೆಟರು. ಒಗೆಯಲು ತೆಗೆದಾಗ ಅದರ ಒಳಮೈಗೆ, ಹೊಟ್ಟೆಯ ಹತ್ತಿರ, ರೆಸಿನ್ ಕಲ್ಲಿನಂತೆ ಅಂಟಿತ್ತು. ಅದನ್ನು ನನಗೆ ತೋರಿಸಿ ಅವಳು ಹೇಳಿದಳು:

"ಭಾವ, ಇವ್ರು ದಿನಾ ಬೆಳಿಗ್ಗೆ ರೆಸಿನ್ ಬಾಟ್ಲಿನ ಇದರೊಳಗೆ ಇಟ್ಕೊಂಡು ಕೂರೋರು. ಚಳಿಗೆ ಮುದುರ್ಕೊಂಡಿದಾರೆ ಅಂದ್ಕೊಂಡಿದ್ದೆ. 'ಎಷ್ಟು ತಿಂಗಳು?' ಅಂತ ರೇಗಿಸ್ತಿದ್ದೆ."

"ಅವನೇನಂದ?"

"'ಒಂಬತ್ತು ತುಂಬಿದೆ, ಸುಮ್ನಿರು' ಅಂದ್ರು. ನಿಜ ಹೇಳೋಕೆ ಏನಾಗಿತ್ತೋ."

ಬೆಚ್ಚಗಾದ ರೆಸಿನ್ ತೆಳುವಾಗುತ್ತದೆ. ಗುಳ್ಳೆಗಳು ತಾವಾಗಿ ಮೇಲೆ ಬಂದು ಒಡೆಯುತ್ತವೆ. ಈಗ ಅವಳೂ ಬಾಟಲಿಯನ್ನು ಹೊಟ್ಟೆಗವಚಿಕೊಂಡು ಅರ್ಧ ಗಂಟೆ ಕೂರುತ್ತಾಳೆ.

ಇಂದಿನವು ಅಂಗಡಿಯವರು ಕೊಟ್ಟ ಕಡೆಯ ಸಲದ ದಾಳಗಳು. ಇಪ್ಪತ್ನಾಲ್ಕರಲ್ಲಿ ಒಂದು ಮಾತ್ರ ಹಟ ಹಿಡಿಯುತ್ತದೆ. ಉಳಿದವು ಬೆರಳು ತಾಕಿದಾಗಲೆಲ್ಲ ಬೇರೆ ಬೇರೆ ಮುಖ ತೋರಿಸುತ್ತ ತೇಲುತ್ತವೆ. ಅವಳು ಉಸಿರು ಬಿಡುತ್ತಾಳೆ.

"ನನ್ ದಾಳ ಯಾರ ಪರಾನೂ ವಹಿಸ್ಬಾರ್ದು ಭಾವ. ಅಷ್ಟಾದ್ರೆ ಸಾಕು."

ಆಮೇಲೆ ಕಪಾಟಿನಿಂದ ಆ ಹಸಿರು ದಾಳ ತೆಗೆದು, ಕುಂಚ ಅದ್ದಿ, ಐದನೆಯ ಚುಕ್ಕೆ ತುಂಬುತ್ತಾಳೆ.

ದೇವರೇ, ಬಾಟಲಿಗೆ ತನ್ನ ಮೈಯ ಬಿಸಿ ಕೊಟ್ಟು ಕೂರುತ್ತಿದ್ದ ನನ್ನ ತಮ್ಮನನ್ನು ನಿನ್ನ ಮಡಿಲಲ್ಲಿ ಬೆಚ್ಚಗಿಡು. ಅವನಿಗೆ ಶಾಂತಿ ಕೊಡು.