ಮೀನಿಗೂ ಹಾಲಿಗೂ ನಡುವಿನ ನೀರು

ಮೊನ್ನೆ ಮಾನ್ವಿಯಲ್ಲಿ ಸ್ನೇಹಿತನ ಮಗಳ ಮದುವೆಯ ಊಟ. ನನ್ನ ತಟ್ಟೆಗೆ ಹುರಿದ ಮೀನು ಬಿದ್ದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಮಜ್ಜಿಗೆ ಲೋಟವನ್ನು ಎತ್ತಿ ತಮ್ಮ ಕಡೆ ಇಟ್ಟುಕೊಂಡರು. ನನಗೆ ಅವರ ಪರಿಚಯವೂ ಇರಲಿಲ್ಲ.

“ಮೀನಿನ ಮ್ಯಾಲ ಮಜ್ಜಿಗಿ ಬ್ಯಾಡ್ರಿ. ತೊನ್ನು ಹತ್ತತದ.”

ಹೇಳಿ ಮುಗಿಸಿ ಆ ಮಜ್ಜಿಗೆಯನ್ನು ತಾವೇ ಕುಡಿದರು. ಅವರ ತಟ್ಟೆಯಲ್ಲಿ ಮೀನಿರಲಿಲ್ಲ, ಹಾಗಾಗಿ ವಾದಕ್ಕೆ ಆಸ್ಪದವೂ ಇರಲಿಲ್ಲ. ನಾನು ಅಭ್ಯಾಸಬಲದಿಂದ ನನ್ನ ಎಡ ತೋಳು ನೋಡಿಕೊಂಡೆ. ಈ ಅಭ್ಯಾಸ ನನಗೆ ಹೇಗೆ ಅಂಟಿತು ಎಂಬುದನ್ನು ಹೇಳಬೇಕು.

ಮೀನು ತಿಂದು ಹಾಲು ಕುಡಿದರೆ ಚರ್ಮದ ಮೇಲೆ ಬಿಳಿ ಕಲೆ ಏಳುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ರಾಯಚೂರು ಸೀಮೆಯಲ್ಲಿ ಹಿಂದೂಗಳೂ ಮುಸ್ಲಿಮರೂ ತಕರಾರಿಲ್ಲದೆ ಒಪ್ಪಿಕೊಂಡಿರುವ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ನಾನು ಚರ್ಮದ ವೈದ್ಯರೊಬ್ಬರನ್ನು ಕೇಳಿದ್ದೇನೆ. ಏನೂ ಸಂಬಂಧವಿಲ್ಲ ಎಂದರು. ತಮ್ಮ ಮನೆಯಲ್ಲಿ ಮಾತ್ರ ಮೀನಿನ ದಿನ ಮೊಸರಿನ ಗಡಿಗೆ ಹೊರಗೆ ಬರುವುದಿಲ್ಲ ಎಂದೂ ಅವರೇ ಹೇಳಿದರು.

ಇಂಥ ರಾಯಚೂರಿನಲ್ಲಿ ಕೆಲವು ವರ್ಷಗಳ ಹಿಂದೆ ಶಾಹೀನಾ ಎಂಬವರು ಹಾಲು ಮತ್ತು ಮೀನಿನ ಹೋಟೆಲು ತೆರೆದರು. ದೇವದುರ್ಗದವರು. ಮುಂಬೈಯಲ್ಲಿ ಯಹೂದಿ ಮಹಿಳೆಯೊಬ್ಬರ ಹೋಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿ, ಆ ‘ಆಂಟಿ’ ತೀರಿಕೊಂಡ ಮೇಲೆ ಊರ ಕಡೆ ಬಂದಿದ್ದರು. ಯಹೂದಿಗಳ ಕೋಷರ್ ಕಟ್ಟಳೆಯ ಪ್ರಕಾರ ಮಾಂಸವೂ ಹಾಲೂ ಒಂದೇ ಊಟದಲ್ಲಿ ಸೇರುವಂತಿಲ್ಲ. ಆದ್ದರಿಂದ ಆಂಟಿಯ ಅಡುಗೆಮನೆಗೆ ಮಾಂಸವೇ ಬರುತ್ತಿರಲಿಲ್ಲ. ಹಾಲಿನ ಅಡುಗೆ, ಜೊತೆಗೆ ಮೀನು. ಆ ಮೀನಿಗೂ ಹುರುಪೆ, ರೆಕ್ಕೆ ಎರಡೂ ಇರಬೇಕು. ಮೀಸೆ ಹೊತ್ತ ನುಣುಪು ಮೀನು ಬಾಗಿಲಿಂದಲೇ ವಾಪಸು.

“ಅವರ ಕಟ್ಟಳಿ ಪೂರಾ ನಡಸಾಕ ಅವರ ಗುರುಗಳೇ ಬೇಕ್ರಿ ಸರ್. ನಾ ಕಲಿತದ್ದಷ್ಟು ಮಾಡಾಕತ್ತೀನಿ,” ಎಂದಿದ್ದರು ಶಾಹೀನಾ.

ನಾನು ಊರಿನ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿದ್ದೆ. ವಾರಕ್ಕೊಮ್ಮೆ ಊರಿನ ಬಗ್ಗೆ ಬರೆಯುತ್ತಿದ್ದೆ. ಹಾಗೆ ಮೊದಲ ಸಲ ಅಲ್ಲಿಗೆ ಹೋದದ್ದು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದ ಟೇಬಲ್, ಗಾಜಿನ ಹೂಜಿ, ಮಡಚಿಟ್ಟ ದಪ್ಪ ಕರವಸ್ತ್ರ. ಒದ್ದೆ ಅರಿವೆಯಿಂದ ಒರೆಸಿದ ಟೇಬಲ್ಲುಗಳಿಗೆ ಒಗ್ಗಿದ ನನಗೆ ಮೊಣಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೊದಲು ಕೊತ್ತಂಬರಿ, ತೆಂಗಿನಕಾಯಿ ಅರೆದು ಹಾಕಿದ ಕೃಷ್ಣಾ ನದಿಯ ಮೀನು ಬಂತು. ಕೊನೆಗೆ ಪನೀರು ತುಂಬಿದ ತೆಳು ದೋಸೆ, ಬಾಸುಂದಿ. ಪಕ್ಕದ ಟೇಬಲ್ಲಿನವನೊಬ್ಬ, “ಏನ್ ಆಪಾ, ಸಾಬರ ಹೋಟೆಲ್‌ನ್ಯಾಗ ಬಿರ್ಯಾನಿ ಇಲ್ಲಂದ್ರ ಕಲಿಗಾಲ ಬಂತಲ್ಲ!” ಎಂದು ನಗುತ್ತಿದ್ದ.

ಮೀನಿಗೂ ಬಾಸುಂದಿಗೂ ನಡುವೆ ಒಂದು ಕ್ರಮವಿತ್ತು. ಮೀನಿನ ತಟ್ಟೆ ಹೋಗುತ್ತದೆ. ಹಾಸಿದ ಬಟ್ಟೆಯೂ ಹೋಗಿ ಬೇರೆಯದು ಬರುತ್ತದೆ. ಕೈ ತೊಳೆಯಬೇಕು, ಒಂದು ತುಂಡು ರೊಟ್ಟಿ ತಿಂದು ಬಾಯಿ ತುಂಬ ನೀರು ಕುಡಿಯಬೇಕು. ಹಾಲಿನದು ಆಮೇಲೆ. ನನ್ನ ವರದಿಯ ಕೊನೆಯ ಪ್ಯಾರಾದಲ್ಲಿ ಇದನ್ನು ಬರೆದೆ.

ಸುದ್ದಿಮನೆಯ ಮೊದಲ ಪಾಠವೆಂದರೆ ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕೊಯ್ಯಬೇಕು. ಅವತ್ತು ಪುಟಕ್ಕೆ ಜಾಹೀರಾತೊಂದು ತಡವಾಗಿ ಬಂತು. ಬರೆದವನೂ ನಾನೇ, ಆ ಕೊನೆಯ ಪ್ಯಾರಾ ಕೊಯ್ದವನೂ ನಾನೇ. ‘ಒಂದೇ ಮೇಜಿನಲ್ಲಿ ಮೀನು, ಹಾಲು’ ಎಂದು ಶೀರ್ಷಿಕೆ ಕೊಟ್ಟು, ಚೆನ್ನಾಗಿದೆ ಎಂದುಕೊಂಡು ಮನೆಗೆ ಹೋದೆ.

ಮುಂದಿನ ವಾರ ಹೋದಾಗ ಹೋಟೆಲಿನಲ್ಲಿ ಒಬ್ಬರೂ ಇರಲಿಲ್ಲ. ಶಾಹೀನಾರ ಬಲ ಮುಂಗೈಯ ಮೇಲೆ ಬಿಳಿ ಕಲೆ ಇದೆ. ಮೊದಲು ಅದನ್ನು ಯಾರೂ ಗಮನಿಸಿರಲಿಲ್ಲ. ನನ್ನ ವರದಿಯಾದ ಮೇಲೆ ಊರು ಎರಡನ್ನೂ ಕೂಡಿಸಿಕೊಂಡಿತ್ತು. “ಪೇಪರ್‌ನ್ಯಾಗ ಬಂದದ, ಆಕಿ ಕೈ ನೋಡ್ರಿ ಬೇಕಾದ್ರ” ಎಂಬ ಮಾತು ಗಂಜ್ ಮಾರುಕಟ್ಟೆಯಲ್ಲಿ ನನ್ನ ಕಿವಿಗೇ ಬಿತ್ತು.

“ನೀವು ಸುಳ್ಳು ಬರದಿಲ್ರಿ ಸರ್,” ಎಂದರು ಶಾಹೀನಾ. “ನಡುವಿನ ನೀರು ಬಿಟ್ಟೀರಿ, ಅಷ್ಟ.”

ತಿದ್ದುಪಡಿ ಹಾಕೋಣವೆಂದು ಸಂಪಾದಕರನ್ನು ಕೇಳಿದೆ. “ತಪ್ಪು ಯಾವ ಸಾಲಿನಲ್ಲಿದೆ, ತೋರಿಸ್ರಿ,” ಎಂದರು. ಇಲ್ಲದ ಸಾಲನ್ನು ತೋರಿಸುವುದು ಹೇಗೆ?

ಮಾಡಲು ಬೇರೇನೂ ತೋಚದೆ ದಿನಾ ಅಲ್ಲಿಯೇ ಊಟಕ್ಕೆ ಹೋಗತೊಡಗಿದೆ. ಒಂದು ಮಧ್ಯಾಹ್ನ ಕಟ್ಟಡದ ಮಾಲೀಕರಾದ ಶರಣಪ್ಪನವರು ಬಂದರು. ಮಾನ್ವಿಯ ರೈಸ್‌ಮಿಲ್ಲಿನವರು. ರಾಯಚೂರಿನಲ್ಲಿ ಅಕ್ಕಿ ಅಂಗಡಿಯೂ ಇದೆ. ನಿಂತೇ ಮಾತಾಡಿದರು.

“ಯವ್ವಾ, ನಾ ಲಿಂಗ ಕಟ್ಟಿದಾಂವ. ಮಾಂಸ ಇಲ್ಲ ಅಂದಿ, ಜಾಗ ಕೊಟ್ಟೆ. ಮೀನು ಅಂದಿ, ಕಣ್ಣು ಮುಚಗೊಂಡೆ. ಈಗ ಮಂದಿ ಮೈ ಕೆಡತದ ಅನ್ನಾಕತ್ತಾರ. ಈ ತಿಂಗಳು ಖಾಲಿ ಮಾಡಿಬಿಡು.”

“ಮಾಡ್ತೀನಿ ಯಪ್ಪಾ. ಮೊದ್ಲು ಒಂದು ಊಟ ಕುಂತು ನೋಡ್ರಿ. ನೀವು ಉಣ್ಣೂದು ಬ್ಯಾಡ. ಇವರು ಉಣ್ತಾರ, ನೀವು ನೋಡ್ರಿ.”

ಹೀಗೆ ನಾನು ಪ್ರದರ್ಶನದ ವಸ್ತುವಾದೆ. ಮೀನು ತಿಂದೆ. ತಟ್ಟೆ ಹೋಯಿತು, ಬಟ್ಟೆ ಹೋಯಿತು, ಕೈ ತೊಳೆದು, ರೊಟ್ಟಿ ಕಡಿದು, ನೀರು ಕುಡಿದೆ.

“ಏನವ್ವ ಇದು, ಮೀನಿಗಿ ಸೂತಕ ಬಂದಂಗ!” ಎಂದರು ಶರಣಪ್ಪ.

“ಆಂಟಿ ಮನಿತನದ ಪದ್ಧತಿ ಯಪ್ಪಾ. ಅವರ ಮಂದ್ಯಾಗ ಎಲ್ಲಾರೂ ಹಿಂಗ ಮಾಡೂದಿಲ್ಲ. ಆಂಟಿ ಮನ್ಯಾಗ ಮಾತ್ರ ಮೀನು, ಹಾಲು ಕೂಡಿ ತಿಂದ್ರ ಮೈಗಿ ಚಲೋ ಅಲ್ಲ ಅಂತಿದ್ರು.”

“ಹೌದಾ? ಅವರೂ ನಮ್ಮಂಗ ಅಂತಾರಾ?” ಶರಣಪ್ಪನವರು ಈಗ ಕುರ್ಚಿ ಎಳೆದುಕೊಂಡು ಕೂತರು. ಅವರ ಕಣ್ಣು ಶಾಹೀನಾರ ಮುಂಗೈ ಮೇಲೆ ನಿಂತಿತ್ತು. “ಹಂಗಾದ್ರ ಇದು?”

ಶಾಹೀನಾ ಕೈ ಮರೆಮಾಡಲಿಲ್ಲ. “ಏಳು ವರ್ಷದಾಕಿ ಇದ್ದಾಗ ಬಂತು ಯಪ್ಪಾ. ಆವಾಗ ದೇವದುರ್ಗದ ನಮ್ಮ ಮನ್ಯಾಗ ಹಾಲೂ ಇದ್ದಿಲ್ಲ, ಮೀನೂ ಇದ್ದಿಲ್ಲ.”

ಶರಣಪ್ಪನವರು ಟೊಪ್ಪಿಗೆ ತೆಗೆದು ಟೇಬಲ್ ಮೇಲಿಟ್ಟರು.

“ನನಗ ಒಂದು ಗ್ಲಾಸು ಬಿಸಿ ಹಾಲು ಕೊಡು. ಗ್ಲಾಸು ಹೊಸಾದು ಇರಲಿ.” ಆಮೇಲೆ ನನ್ನ ಕಡೆ ತಿರುಗಿದರು. “ಪೇಪರ್‌ನವರ, ನೀವು ಎಂಟು ದಿನ ನಮ್ಮ ಅಂಗಡಿಗಿ ಬಂದು ಕೈ ತೋರಸ್ರಿ. ಮಂದಿಗಿ ನಾ ಹೇಳ್ತೀನಿ.”

ಎಂಟು ದಿನವೂ ಹೋದೆ. ಶರಣಪ್ಪನವರು ಅಕ್ಕಿ ಪರೀಕ್ಷಿಸುವಂತೆ ನನ್ನ ತೋಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬರುಬರುತ್ತಾ ಗಿರಾಕಿಗಳೂ ನೋಡತೊಡಗಿದರು. ಪತ್ರಿಕೆ ಹಾಕದ ತಿದ್ದುಪಡಿಯನ್ನು ನನ್ನ ತೋಳು ಹಾಕಿತು. ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ, ನಿಧಾನವಾಗಿ ಜನ ಬಂದರು. ಆದರೂ ಕಲೆಯಿಲ್ಲದ ತೋಳು ಸರ್ಟಿಫಿಕೇಟ್ ಆದದ್ದು ನನಗೆ ಇವತ್ತಿಗೂ ಪೂರ್ತಿ ಹಿಡಿಸಿಲ್ಲ. ಅಡುಗೆ ಮಾಡಿದ್ದು ಕಲೆಯಿದ್ದ ಕೈ ತಾನೇ?

ಆ ಮದುವೆಯ ಮರುದಿನ ಹೆಂಡತಿಯ ಜೊತೆ ಶಾಹೀನಾರ ಹೋಟೆಲಿಗೆ ಹೋದೆ. ಭಾನುವಾರ. ಹೊರಗಿನ ಬೆಂಚಿನ ಮೇಲೆ ಕಾಯುವವರ ಸಾಲಿತ್ತು. ನಮ್ಮ ನಂತರ ಬಂದ ಹೆಂಗಸು ಕುರ್ಡಿ ಎಂಬ ಹಳ್ಳಿಯವಳಂತೆ. ಜೊತೆಗೆ ಹತ್ತು ಹನ್ನೊಂದರ ಮಗಳು. ಹುಡುಗಿ ಸೆರಗಿನಂತೆ ಎಳೆದುಕೊಂಡ ಓಢಣಿಯ ಅಂಚಿನಲ್ಲಿ, ತುಟಿಯ ಬದಿಗೆ, ಬಿಳಿ ಕಲೆ ಕಾಣುತ್ತಿತ್ತು.

ತಾಯಿ ದನಿ ತಗ್ಗಿಸಿ ನನ್ನನ್ನು ಕೇಳಿದಳು: “ಇಲ್ಲಿ ಅಡಿಗಿ ಮಾಡೋ ಅಕ್ಕಾರಿಗೂ ಹಿಂಗ ಅದ ಅಂತಲ್ರಿ?”

“ಅದರೀ. ಕೈಮ್ಯಾಲ.”

“ಮಂದಿ ಆಕಿ ಕೈಲೆ ಉಣ್ತಾರೇನ್ರಿ?”

“ಅರ್ಧ ತಾಸಾತು ಕುಂತು. ನಮಗ ಇನ್ನಾ ಜಾಗ ಸಿಕ್ಕಿಲ್ಲ ನೋಡ್ರಿ.”

ಹುಡುಗಿ ತಲೆ ಎತ್ತಿ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಅಷ್ಟರಲ್ಲಿ ಶಾಹೀನಾ ಬಾಗಿಲಿಗೆ ಬಂದರು. ನಮ್ಮನ್ನು ದಾಟಿ ಹೋದ ಅವರ ಕಣ್ಣು ಆ ಹುಡುಗಿಯ ಮೇಲೆ ನಿಂತಿತು. “ಬಾ ಬೇ ತಂಗಿ, ಹಸಿವಿ ಆಗೇದೇನು?” ಎಂದು ಕೈ ಚಾಚಿದರು. ಹುಡುಗಿ ಆ ಕೈ ಹಿಡಿದುಕೊಂಡು ಒಳಗೆ ಹೋದಳು. ತಾಯಿ ಹಿಂದೆಯೇ ಹೋದಳು.

“ಅವರು ನಮಗಿಂತ ಆಮ್ಯಾಲ ಬಂದವರಲ್ರೀ?” ಎಂದಳು ನನ್ನ ಹೆಂಡತಿ.

ಹೌದೆಂದೆ. ಆಕೆ ಒಳಗೊಮ್ಮೆ ಇಣುಕಿ ನೋಡಿ, ಇನ್ನಷ್ಟು ಕಾಯಲು ಬೆಂಚಿನ ಮೇಲೆ ಸರಿಯಾಗಿ ಕೂತಳು.